ಲಾವಂಚದ ಕಾರು

ಡಣ್, ಡಣ್, ಡಣ್. ಒಲೆಯ ಮೇಲಿನ ಹಾಲು ಉಕ್ಕುವ ಮೊದಲೇ ಅಂಗಳದಲ್ಲಿ ತಗಡು ಬಡಿಯುವ ಸದ್ದು ಶುರುವಾಯಿತು. ಶಂಕರಮ್ಮನಿಗೆ ಅದು ತನ್ನ ನೆತ್ತಿಯ ಮೇಲೇ ಬಡಿದ ಹಾಗೆ ಕೇಳಿಸಿತು. ಆದರೆ ದೂರುವಂತಿರಲಿಲ್ಲ. ಅಷ್ಟೆಲ್ಲ ಬಡಿತವೂ ಅವಳ ಸುಖಕ್ಕಾಗಿಯೇ ಎಂದು ಅವಳ ಗಂಡ ಷಡಕ್ಷರಿ ಕೊಳ್ಳೇಗಾಲದ ಪೇಟೆಬೀದಿಗೆಲ್ಲ ಹೇಳಿಕೊಂಡು ಬಂದಿದ್ದ.

ಷಡಕ್ಷರಿ ರೇಷ್ಮೆ ನೂಲಿನ ವ್ಯಾಪಾರಿ. ಬೆಟ್ಟದ ಬಂಗಲೆಯ ಇಂಗ್ಲಿಷ್ ದೊರೆಯೊಬ್ಬ ತನ್ನ ಸೀಮೆಗೆ ಹೊರಟಾಗ ಬಿಟ್ಟುಹೋದ ಕರಿಯ ಕಾರು ಅವನ ಪಾಲಿಗೆ ಬಂದಿತ್ತು. ಬೇಸಗೆಯಲ್ಲಿ ಅದರೊಳಗೆ ಕೂರುವುದೂ ಒಂದೇ, ಹೋಳಿಗೆಯಾಗಿ ಕಾವಲಿಯ ಮೇಲೆ ಮಲಗುವುದೂ ಒಂದೇ. ಶಿವರಾತ್ರಿ ಕಳೆದ ಮೇಲೆ ತವರಾದ ಮಾಂಬಳ್ಳಿಗೆಂದು ಹೊರಟ ಶಂಕರಮ್ಮ ಅರ್ಧ ದಾರಿಯಲ್ಲೇ ತಲೆಸುತ್ತಿ ಬಿದ್ದು, ತವರಿನ ಬಾಗಿಲು ಕಾಣದೆ ಹಿಂದಿರುಗಿದ್ದಳು.

ಅಂದು ಕಣ್ಣು ಬಿಟ್ಟಾಗ ಅವಳಿಗೆ ಮೊದಲು ಕಂಡದ್ದು ಹಿತ್ತಲಿನ ಹುಳಿನ ಮನೆ. ಅದು ಅತ್ತೆ ದೊಡ್ಡಬಸಮ್ಮನ ಸಾಮ್ರಾಜ್ಯ. ರೇಷ್ಮೆ ಹುಳುಗಳಿಗೆ ಸೆಕೆಯಾಗದಿರಲೆಂದು ಅದರ ಕಿಟಕಿಗಳಿಗೆಲ್ಲ ಒದ್ದೆ ಗೋಣಿ ಕಟ್ಟಿತ್ತು.

"ಈ ಮನೇಲಿ ಉಟ್ಟುದ್ರೆ ಉಳವಾಗಿ ಉಟ್ಬೇಕು ಕಣ್ರಿ," ಎಂದಳು ಶಂಕರಮ್ಮ ಗಂಡನಿಗೆ. "ಕಿಟ್ಕಿಗೆ ಒದ್ದೆ ಗೋಣಿ, ಒತ್ತೊತ್ಗೆ ಎಳೇ ಸೊಪ್ಪು. ನಂಗೆ ಮಾತ್ರ ಆ ಸುಡೋ ಡಬ್ಬ."

ಅವಳು ಅಂದದ್ದು ಕೊಂಕು. ಅವನಿಗೆ ಆದದ್ದು ಜ್ಞಾನೋದಯ. (ಹೆಂಡತಿಯ ಮಾತಿನಲ್ಲಿ ಮುಳ್ಳನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಎತ್ತಿಕೊಳ್ಳುವ ವಿದ್ಯೆ ಗಂಡಸರಿಗೆ ಹುಟ್ಟಿನಿಂದಲೇ ಬಂದಿರುತ್ತದೆ.) ಗೋಣಿ ಕಾರಿನ ಮರ್ಯಾದೆಗೆ ತಕ್ಕದ್ದಲ್ಲ, ಅದರ ಕಿಟಕಿಗಳಿಗೆ ಲಾವಂಚದ ಬೇರಿನ ಚಾಪೆಯೇ ಆಗಬೇಕು, ಕಾರಿನ ನೆತ್ತಿಯ ಮೇಲೆ ತಗಡಿನ ತೊಟ್ಟಿ, ತೊಟ್ಟಿಯಿಂದ ಚಾಪೆಗಳಿಗೆ ಹನಿಹನಿಯಾಗಿ ನೀರು. ಕಾರು ಓಡಿದಂತೆಲ್ಲ ಒಳಗೆ ಕೈಲಾಸದ ಗಾಳಿ. ಈ ಮಹಾಯಂತ್ರಕ್ಕಾಗಿ ತಗಡಿನವನು ದಿನವೂ ಬಂದ, ದಿನವೂ ಬಡಿದ.

ಈ ನಡುವೆ ಮಾಂಬಳ್ಳಿಯಿಂದ ನೂಲು ತಂದ ಶಿವನಂಜಯ್ಯ ಅಕ್ಕನ ಮಾತನ್ನೂ ತಂದ. ತಾಯಿ ಸತ್ತ ಮೇಲೆ ಶಂಕರಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ ಗುರುಬಸಮ್ಮ. ಅವಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ಯುಗಾದಿ ಕಳೆದ ಮೊದಲ ಸೋಮವಾರ ಮೈಸೂರಿನ ಆಸ್ಪತ್ರೆಗೆ ಸೇರಿಸುವುದೆಂದು ಗೊತ್ತಾಗಿತ್ತು. ಶಿವನಂಜಯ್ಯ ತಲೆ ತಗ್ಗಿಸಿಕೊಂಡು ಹೇಳಿದ: "ಕಣ್ಣು ಕೊಯ್ಯಕ್ಮುಂಚೆ ಒಂದ್ಸಲ ಶಂಕ್ರಿ ಮಕ ನೋಡ್ಬೇಕು, ಆಮೇಕೆ ಕಂಡಾತೋ ಕಾಣದೋ ಅಂದ್ರು ಕಣವ್ವ."

ನಾಳೆಯೇ ಬಸ್ಸಿಗೆ ಹೋಗುತ್ತೇನೆಂದು ಶಂಕರಮ್ಮ ಹೊರಟುನಿಂತಳು. ಷಡಕ್ಷರಿಗೆ ಅದು ಸಹಿಸದಾಯಿತು. ಕಾರಿರುವ ಮನೆಯ ಹೆಂಗಸು ಕೋಳಿ ಬುಟ್ಟಿಗಳ ನಡುವೆ ಕೂತು ಹೋದರೆ ತವರ ಪಕ್ಕದ ಎಳಂದೂರಿನವರು ಏನಂದಾರು? ಆಸ್ಪತ್ರೆಯ ಹಿಂದಿನ ದಿನ ಭಾನುವಾರ ತಾನೇ ಕರೆದೊಯ್ಯುವೆ, ತಂಪಾಗಿ ಒಯ್ಯುವೆ ಎಂದು ಕುಲದೇವರ ಮೇಲೆ ಆಣೆ ಇಟ್ಟ. (ಕೊಳ್ಳೇಗಾಲ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದು, ಮಾಂಬಳ್ಳಿ ಮೈಸೂರಿಗೆ. ಬಸ್ಸಿಗೆ ಅದು ಒಂದು ಗಳಿಗೆಯ ದಾರಿ. ಷಡಕ್ಷರಿಯ ಕಾರಿಗೆ ಮಾತ್ರ ಎರಡು ಲೋಕಗಳ ಅಂತರ.)

ಪರೀಕ್ಷೆಗೆಂದು ಅವಳನ್ನು ಮಧುವನಹಳ್ಳಿಯ ದಾರಿಯಲ್ಲಿ ಕರೆದೊಯ್ದ. ಸುಳ್ಳೇಕೆ, ಗಾಳಿ ತಂಪಾಗಿಯೇ ಬಂತು. ಒದ್ದೆ ಬೇರಿನ ಆ ಕಂಪಿಗೆ ಶಂಕರಮ್ಮ ಕಣ್ಣು ಮುಚ್ಚಿದಳು. ಅಕ್ಕ ಹಂಡೆಯ ನೀರಿಗೆ ಲಾವಂಚ ಹಾಕಿ ತನ್ನ ತಲೆಗೆ ಹೊಯ್ಯುತ್ತಿದ್ದುದು ನೆನಪಾಯಿತು. ಕಣ್ಣಿಗೆ ಸೀಗೆ ಬೀಳದಂತೆ ಹಣೆಗೆ ಅಡ್ಡ ಹಿಡಿಯುತ್ತಿದ್ದ ಅಂಗೈ ನೆನಪಾಯಿತು. ಅಷ್ಟರಲ್ಲಿ ದಾರಿ ತಿರುಗಿತು. ಕಾರೂ ತಿರುಗಿತು. ತೊಟ್ಟಿಯ ನೀರಿಗೆ ತಿರುಗಲು ಬಾರದೆ ಇದ್ದಷ್ಟೂ ಅವಳ ಮಡಿಲಿಗೆ ಬಂತು. ಮನೆಗೆ ಬಂದಾಗ ಎದುರುಮನೆಯ ಪುಟ್ಟಗೌರಮ್ಮ, ಯಾವ ಹೊಳೆಯಲ್ಲಿ ಮಿಂದು ಬಂದಿರಿ ಎಂದು ಭಕ್ತಿಯಿಂದಲೇ ಕೇಳಿದಳು.

ತೊಟ್ಟಿಗೆ ಮುಚ್ಚಳ ಬಂತು. ನೆನೆದು ನಾರುತ್ತಿದ್ದ ಹಿಂದಿನ ಸೀಟನ್ನು ಒಣಗಲೆಂದು ಕಿತ್ತು ಬಿಸಿಲಿಗೆ ಹಾಕಿದರು. ಖಾಲಿಯಾದ ಕಾರು ಬೇವಿನ ನೆರಳಲ್ಲಿ ತಣ್ಣಗೆ ತೊಟ್ಟಿಕ್ಕುತ್ತ ನಿಂತಿತು. ಷಡಕ್ಷರಿ ಜಗಲಿಯಲ್ಲಿ ಕೂತು ಬಂದವರಿಗೆಲ್ಲ, ನಮ್ಮವ್ವನ ಹುಳಿನ ಮನೆ ಇದರ ಮುಂದೆ ಏನೂ ಅಲ್ಲ ಎಂದು ಸಾರಿದ.

ಅವ್ವ ಕೇಳಿಸಿಕೊಂಡಳು. ಹೋದ ಸಲದ ಹುಳುಗಳ ಬೆಳೆ ಸೆಕೆಗೆ ಸತ್ತುಹೋಗಿತ್ತು. ಮಾರನೆಯ ದಿನ ಸೀಟಿದ್ದ ಜಾಗದಲ್ಲಿ ಬಿದಿರಿನ ತಟ್ಟೆಗಳು, ತಟ್ಟೆಗಳಲ್ಲಿ ಎಳೆ ಹುಳುಗಳು. ಭಾನುವಾರದೊಳಗೆ ಎತ್ತಿಬಿಡುತ್ತೇನೆಂದು ಮಗನಿಗೆ ಮಾತು ಕೊಟ್ಟಳು. ನಶ್ಯದ ಘಾಟು ಹುಳುಗಳಿಗೆ ವಿಷ. ಅದಕ್ಕೇ ನಶ್ಯ ಬಿಡದ ಷಡಕ್ಷರಿಯನ್ನು ಅವನದೇ ಕಾರಿನ ಹತ್ತಿರ ಸುಳಿಯಬೇಡವೆಂದಳು. ಅವಳ ಮಂಡಿ ಸ್ಟೂಲು ಹತ್ತಲೊಪ್ಪದು. ಹಾಗಾಗಿ ಹೊತ್ತುಹೊತ್ತಿಗೆ ತೊಟ್ಟಿಗೆ ನೀರು ಹೊಯ್ಯುವ ಕೆಲಸ ಯಾರ ಸುಖಕ್ಕಾಗಿ ಕಾರು ತಂಪಾಗಿತ್ತೋ ಅವಳಿಗೇ ಬಂತು. ಭಾನುವಾರ ಬರಲಿ ಎಂದುಕೊಂಡು ಅವಳು ಹೊಯ್ದಳು.

ಭಾನುವಾರ ಬಂತು. ಶಂಕರಮ್ಮ ತಲೆ ಬಾಚಿ, ವಿಭೂತಿ ಇಟ್ಟು, ಅಕ್ಕನಿಗೆಂದು ಮಾಡಿದ ತಂಬಿಟ್ಟಿನ ಗಂಟನ್ನು ಜಗಲಿಯಲ್ಲಿಟ್ಟು, ಕಡೆಯ ಬಿಂದಿಗೆ ಹೊಯ್ಯಲು ಸ್ಟೂಲು ಹತ್ತಿದಳು. ದೊಡ್ಡಬಸಮ್ಮ ಕಾರಿನ ಬಾಗಿಲನ್ನು ಸಂದಿಯಷ್ಟೇ ತೆರೆದು ನೋಡಿ, ತೊಟ್ಟಿಲ ಮಗುವಿಗೆ ಹೊದಿಸಿದಂತೆ ಮೆಲ್ಲಗೆ ಮುಚ್ಚಿದಳು.

"ಜ್ವರಕ್ಕೆ ಕೂತವೆ ಕಣ್ಲಾ. ಇವತ್ತು ಅಲ್ಲಾಡುಸ್ಬೇಡ."

ಹುಳುಗಳು ಸೊಪ್ಪು ಬಿಟ್ಟು, ತಲೆ ಎತ್ತಿ, ಪೊರೆ ಕಳಚಲು ಸ್ತಬ್ಧವಾಗಿ ಕೂರುವುದೇ ಜ್ವರ. ಆಗ ತಟ್ಟೆ ಮುಟ್ಟುವವರಿಲ್ಲ. ಕಾರು ಓಡಿಸುವ ಮಾತಂತೂ ದೂರ.

ನಶ್ಯದ ದೆಸೆಯಿಂದ ಬಾವಿಕಟ್ಟೆಯಾಚೆ ನಿಂತಿದ್ದ ಷಡಕ್ಷರಿ ಅಲ್ಲಿಂದಲೇ ಕೂಗಿ ಹೇಳಿದ: "ನಾಳಿಕೆ ಎದ್ದುಬುಡ್ತವೆ ಕಣಮ್ಮಿ. ನಾಳೆ ಓಗವ."

"ನಾಳೆ ಅಕ್ಕ ಮೈಸೂರಲ್ಲಿರ್ತಾಳೆ."

"ಮೈಸೂರ್ಗೇ ಓಗವ. ಕಣ್ಣು ಕೊಯ್ಸಾದ್ಮೇಕೆ ಅವ್ಳಿಗೆ ಇನ್ನೂ ಚೆಂದಾಗಿ ಕಾಣ್ತೀಯಲ್ಲ."

ಅವಳು ಸ್ಟೂಲಿನ ಮೇಲಿಂದಲೇ ಜಗಲಿಯ ಗಂಟಿನ ಕಡೆ ನೋಡಿದಳು.

"ಅವ್ವುನ್ ಬೆಳೆ ಕಣೇ. ಎರಡ್ನೇ ಸಲ ಓದ್ರೆ ಅವಳು ಅನ್ನ ಬುಟ್ಬುಡ್ತಾಳೆ."

"ಉಳಕ್ಕೆ ಪೊರೆ ಬಂದ್ರೆ ಊರೆಲ್ಲ ಉಸುರು ಬಿಗಿ ಇಡೀತದೆ," ಎಂದಳು ಶಂಕರಮ್ಮ, ಮೆಲ್ಲಗೆ.

ಬಾವಿಕಟ್ಟೆಗೆ ಅದು ಕೇಳಿಸಲಿಲ್ಲ. ಅತ್ತೆಗೆ ಕೇಳಿಸಿತು, ಅವಳು ಸೆರಗಿನಲ್ಲಿ ಕಾರಿನ ಗಾಜು ಒರೆಸತೊಡಗಿದಳು.

ಷಡಕ್ಷರಿಗೆ ಹೆಂಡತಿಯ ಮೌನ ಒಪ್ಪಿಗೆಯಂತೆ ಕಂಡಿತು. ಉತ್ಸಾಹದಿಂದ ಮುಂದಿನ ಬೇಸಗೆಯ ಯೋಜನೆ ಬಿಚ್ಚಿದ. ಮುಂದೆ ಒಂದು ಪುಟ್ಟ ಫ್ಯಾನು, ತೊಟ್ಟಿಗೆ ಮಂಜುಗಡ್ಡೆ, ಆಮೇಲೆ ಎಳಂದೂರೇಕೆ, ಬೆಂಗಳೂರಿಗೇ ಹೋಗಬಹುದು.

ಶಂಕರಮ್ಮ ಸ್ಟೂಲಿನಿಂದ ಇಳಿದಳು. ತುಂಬಿದ ಬಿಂದಿಗೆಯನ್ನು ಹಾಗೆಯೇ ನೆಲಕ್ಕಿಟ್ಟಳು. ಒದ್ದೆ ಕೈ ಒರೆಸಿಕೊಂಡು ತಂಬಿಟ್ಟಿನ ಗಂಟನ್ನು ಎತ್ತಿಕೊಂಡಳು.

"ಬಿಂದ್ಗೆ ಯಾಕ್ ಕೆಳಗಿಟ್ಟೆ? ನೀರು ಒಯ್ಯಿ, ಚಾಪೆ ಒಣಗ್ತಾ ಅದೆ," ಎಂದ ಅವನು. "ನಾ ಹತ್ರ ಬರಂಗಿಲ್ಲ, ಅವ್ವುಂಗೆ ಹತ್ತಕ್ಕಾಗಲ್ಲ. ಅಮ್ಮಿ, ಕೇಳಿಲ್ಲಿ. ಆ ಫ್ಯಾನು ಅಂದ್ನಲ್ಲ, ಅದುನ್ನ ನಿನ್ ಕಡೀಕೇ ತಿರುಗ್ಸಿ..."

ಅವಳು ಆಗಲೇ ಬೀದಿಗಿಳಿದು ಬಸ್ ಸ್ಟ್ಯಾಂಡಿನ ಕಡೆಗೆ ನಡೆಯುತ್ತಿದ್ದಳು.