ಅಡ್ಡ ಬಿದ್ದ ಗುಂಡು

ತೂಕವಿಲ್ಲದ ವಸ್ತುವಿಗೆ ಈ ಲೋಕದಲ್ಲಿ ಮರ್ಯಾದೆಯಿಲ್ಲ ಎಂಬುದು ತಿರುಮಲನ ವೇದಾಂತ. ತೆಂಗಿನಕಾಯಿಯನ್ನು ಕೈಯಲ್ಲಿ ತೂಗಿ ನೋಡದೆ ಅವನು ಅಂಗಡಿಯಿಂದ ಕದಲುವುದಿಲ್ಲ. ಟೆಕ್ಸಸ್ಸಿನ ಸ್ಟಾಫರ್ಡ್ ಊರಿನಲ್ಲಿ ಅವನದೊಂದು ಅಡುಗೆ ಕಾಂಟ್ರಾಕ್ಟಿನ ಕಿಚನ್ನು. ಅಲ್ಲಿನ ಕೊಳಗ ಎತ್ತಲು ಇಬ್ಬರು ಬೇಕು, ಅಲ್ಲಿನ ಹೋಳಿಗೆ ಅರಗಿಸಲು ಇಡೀ ವಾರ ಬೇಕು (ಇದು ಅವನ ಹೆಂಡತಿ ಗೋದಾವರಿಯ ಮಾತು, ನಮ್ಮದಲ್ಲ). ಅವನ ಸಿಟ್ಟೂ ಅದೇ ತೂಕದ್ದು. ಒಗ್ಗರಣೆಯಲ್ಲಿ ಸಾಸಿವೆಗಿಂತ ಮೊದಲು ಅವನೇ ಸಿಡಿದಿರುತ್ತಾನೆ.

ಇಂಥ ಮಹಾನುಭಾವ ಆಸ್ಟಿನ್ನಿನಲ್ಲಿ ಯಾರೋ ಮನೆ ಖಾಲಿ ಮಾಡುತ್ತಿದ್ದ ಸೇಲಿಗೆ ಹಂಡೆ ಹುಡುಕಿಕೊಂಡು ಹೋದವನು ರೈಫಲ್ಲು ಹೊತ್ತುಕೊಂಡು ಬಂದ. ಮುತ್ತಾತನ ಕಾಲದ ರೈಫಲ್ಲು. ನಳಿಗೆಯೊಳಗೆ ಪೆನ್ಸಿಲ್ ತೂರಿಸಲೂ ಆಗದು, ಅಷ್ಟು ಸಣ್ಣ ತೂತು. ಅದರ ತೋಟಾ ಅಂಗಡಿಗಳಲ್ಲಿ ಸಿಗುವುದು ಅಪರೂಪ. ಸೀಸ ಕರಗಿಸಿ, ಅಚ್ಚಿಗೆ ಹೊಯ್ದು, ಗುಂಡನ್ನು ತಾನೇ ಮಾಡಿಕೊಳ್ಳಬೇಕು. ಪಕ್ಕದ ಕೇಟಿ ಊರಿನಲ್ಲಿದ್ದ ಅವನ ಮನೆಯ ಗ್ಯಾರೇಜು ಕುಲುಮೆಯಾಯಿತು. ಗೋದಾವರಿಯ ಕಾರು ಬೀದಿಗೆ ಬಿತ್ತು. ವಸಂತಕಾಲದ ಮೊದಲ ಆಲಿಕಲ್ಲು ಮಳೆಗೆ ಕಾರಿನ ನೆತ್ತಿ ಪಡ್ಡಿನ ಹಂಚಿನಂತೆ ಗುಳಿಗುಳಿಯಾಯಿತು.

ಅದನ್ನಾದರೂ ಆಕೆ ಸಹಿಸಿಕೊಂಡಳು. ಆದರೆ ಒಂದು ಶನಿವಾರ ಬೆಳಿಗ್ಗೆ ನಿಜವಾದ ಪಡ್ಡಿನ ಹಂಚು ಹುಡುಕುತ್ತ ಗ್ಯಾರೇಜಿಗೆ ಬಂದರೆ, ಅದರ ಗುಳಿಗಳಲ್ಲಿ ಸೀಸ ತಣ್ಣಗೆ ಕುಳಿತು ಮಿನುಗುತ್ತಿತ್ತು!

"ಏನ್ರೀ ಇದು! ನಮ್ಮವ್ವ ಹುಬ್ಬಳ್ಳಿಯಿಂದ ಹೊತ್ತುಕೊಂಡು ಬಂದ ಹಂಚು!"

"ಮಿಕ್ಕಿದ ಸೀಸ ಎಲ್ಲಿಗೆ ಸುರೀಲಿ? ಎಷ್ಟು ದುಂಡಗೆ ಬಂದಿದೆ ನೋಡೇ."

"ಇನ್ನ ಇದರಾಗ ಪಡ್ಡು ಹಾಕಿದ್ರ ತಿಂದವರು ಸೀದಾ ಕೈಲಾಸಕ್ಕ!"

"ಹೊಸದು ತಂದ್ಕೊಡ್ತೀನಿ, ಬಾಯಿ ಮುಚ್ಚು."

"ಹೊಸಾದ್ರಾಗ ನಮ್ಮವ್ವನ ಕೈ ಗುಣಾ ಬರ್ತದೇನು?"

ಸರಿಯಾಗಿ ಇದೇ ಶುಭಮುಹೂರ್ತಕ್ಕೆ ಗೋದಾವರಿಯ ತಮ್ಮ ಅಣ್ಣಾಸಾಹೇಬ ಡಾಲಸ್‌ನಿಂದ ಬಂದಿಳಿದ. ಅವನು ಎಂಜಿನಿಯರು, ಚಹಾಕ್ಕೆ ಸಕ್ಕರೆ ಹಾಕುವ ಮೊದಲು ಚಮಚದ ಆಳ ನೋಡುವ ಜಾತಿ. ಅಕ್ಕನ ಅಳಲು ಕೇಳಿಸಿಕೊಳ್ಳುತ್ತಲೇ ಭಾವ ಮಾಡಿದ ಗುಂಡೊಂದನ್ನು ಎತ್ತಿ ನೋಡಿದ. ಆ ರೈಫಲ್ಲಿಗೆ ಎಲ್ಲರೂ ಹಾಕುವುದು ಹಗುರವಾದ, ಗಿಡ್ಡ ಗುಂಡು. ತಿರುಮಲ ಬಿಟ್ಟಾನೆಯೇ? ಭಾರದ ಗುಂಡಿನ ಅಚ್ಚು ತರಿಸಿದ್ದ. ತೂತಿನ ಅಗಲ ಹಿಗ್ಗುವುದಿಲ್ಲವಲ್ಲ, ಹಾಗಾಗಿ ಹೆಚ್ಚಿದ ತೂಕವೆಲ್ಲ ಉದ್ದಕ್ಕೇ ಹೋಗಿ ಗುಂಡು ನುಗ್ಗೆಕಾಯಿಯ ವಂಶದ್ದಾಗಿತ್ತು.

"ಭಾವಾರ, ಸಣ್ಣವರಿದ್ದಾಗ ಬುಗುರಿ ಆಡೀರಿಲ್ಲೊ? ಗುಂಡು ಹಾರೋದೂ ಹಂಗ, ತಿರುಗಿಕೋತ. ಗಿಡ್ಡಂದು ನೆಟ್ಟಗ ಹೋಗ್ತದ. ಉದ್ದಂದಕ್ಕ ಭಾಳ ಜೋರು ತಿರುವು ಬೇಕು, ಈ ನಳಿಗಿ ಅಷ್ಟು ಕೊಡಂಗಿಲ್ರಿ. ನಿಮ್ಮ ಗುಂಡು ಅರ್ಧ ಹಾದ್ಯಾಗ ಅಡ್ಡ ಮಲಗ್ತದ."

"ಮಲಗ್ತದಾ? ನನ್ನ ಗುಂಡೇನು ನಿಮ್ಮಕ್ಕನ ತಮ್ಮನೇನೋ, ಊಟ ಆಗಿದ್ದೇ ತಡ ಮಲಗೋಕೆ!"

"ಸಿಟ್ಟಾಗಬ್ಯಾಡ್ರಿ, ಇದು ಲೆಕ್ಕ."

"ಲೆಕ್ಕ ನಿನ್ನ ಡಾಲಸ್ಸಿನಲ್ಲಿಟ್ಕೋ! ನಾಳೆ ಗುಂಡು ಹೊಡೆಯೋ ರೇಂಜಿಗೆ ಬಾ. ನನ್ನ ಗುಂಡು ಒಂದೇ ಒಂದು ಅಡ್ಡ ಬಿದ್ದಿದ್ದು ತೋರಿಸು, ಗ್ಯಾರೇಜು ನಿಮ್ಮಕ್ಕನಿಗೆ. ತೋರಿಸೋಕೆ ಆಗ್ಲಿಲ್ವೋ, ಇನ್ನು ಈ ಮನೇಲಿ ಗ್ಯಾರೇಜಿನ ಸುದ್ದಿ ಯಾರೂ ಎತ್ತಕೂಡದು."

"ದೀಪಾ ಮುಟ್ಟಿ ಹೇಳ್ರಿ," ಎಂದಳು ಗೋದಾವರಿ. ತಿರುಮಲ ದೇವರ ಮುಂದೆ ಹೋಗಿ ದೀಪ ಮುಟ್ಟಿಯೇ ಹೇಳಿದ. (ಆವೇಶದಲ್ಲಿ ಬೆರಳೂ ಸುಟ್ಟುಕೊಂಡ.)

ಭಾನುವಾರ ರೇಂಜಿನಲ್ಲಿ ಟೋಪಿ ತೊಟ್ಟ ಟೆಕ್ಸನ್ ಮುದುಕರ ನಡುವೆ ತಿರುಮಲ ದಂಡನಾಯಕನಂತೆ ಕುಳಿತ. ಪಕ್ಕದ ಮೇಜಿನಲ್ಲಿ ಅಣ್ಣಾಸಾಹೇಬ. ಸುಮ್ಮನೆ ಏಕೆ ಕೂರಲಿ ಎಂದು ಅವನೂ ಒಂದು ಪುಟಾಣಿ ರೈಫಲ್ಲು ಬಾಡಿಗೆಗೆ ಹಿಡಿದಿದ್ದ. ಬಂದೂಕು ಮುಟ್ಟಿದ್ದು ಜನ್ಮದಲ್ಲಿ ಅದೇ ಮೊದಲು. ಎದುರಿಗೆ ಒಬ್ಬೊಬ್ಬರಿಗೊಂದು ಕಾಗದದ ಗುರಿ, ನಡುವೆ ಕಪ್ಪು ಚುಕ್ಕೆ. ಹಿಂದೆ ಬೆಂಚಿನಲ್ಲಿ, ಕಿವಿಗೆ ದೊಡ್ಡ ಮುಚ್ಚಳ ಹಾಕಿಕೊಂಡು, ನ್ಯಾಯಪೀಠದಲ್ಲಿ ಗೋದಾವರಿ.

ತಿರುಮಲ ಹೊಡೆದ. ಢಂ! ಮತ್ತೆ ಹೊಡೆದ. ಒಂದು ಗುಂಡು ಹಿಂದಿನ ಮಣ್ಣಿನ ದಿಬ್ಬದಲ್ಲಿ ಧೂಳೆಬ್ಬಿಸಿತು. ಇನ್ನೊಂದು ಜೇನುಹುಳದಂತೆ ಗೊಂಯ್ ಎಂದು ಹಾಡಿಕೊಂಡು ಎತ್ತಲೋ ಹೋಯಿತು. ಅವನ ಗುಂಡುಗಳು ಕೇಟಿಯಲ್ಲಿ ಹೊರಟು ಪಕ್ಕದೂರು ಸೈಪ್ರೆಸ್ ಕಡೆಗೆ ಎಕ್ಸಿಟ್ ತೆಗೆದುಕೊಳ್ಳುತ್ತಿದ್ದವು. ಅಣ್ಣಾಸಾಹೇಬ ಪ್ರತಿ ಸಲವೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೇ ಬಂದೂಕಿನ ಕುದುರೆ ಒತ್ತಿದ.

ರೇಂಜಿನ ಯಜಮಾನ ಬಿಲ್ಲಿ ಎಲ್ಲರ ಬಂದೂಕು ಕೆಳಗಿಡಿಸಿ, ಕಾಗದ ನೋಡಲು ಕರೆದುಕೊಂಡು ಹೋದ. ತಿರುಮಲನ ಕಾಗದ ಮಗುವಿನ ಮನಸ್ಸಿನಂತೆ ನಿಷ್ಕಳಂಕವಾಗಿತ್ತು. ಒಂದು ತೂತಿಲ್ಲ!

ಅಣ್ಣಾಸಾಹೇಬನ ಮೀಸೆ ಅಲುಗಿತು. ಆದರೆ ತಿರುಮಲನ ತಲೆ ಅಂದು ಎಂದಿಲ್ಲದಷ್ಟು ಚುರುಕಾಗಿತ್ತು.

"ಎಲ್ಲಿ, ಅಡ್ಡ ಬಿದ್ದಿದ್ದು ತೋರಿಸು!"

"ಬಿದ್ದೇ ಇಲ್ಲಲ್ರಿ!" ಎಂದಳು ಗೋದಾವರಿ.

"ಅದನ್ನೇ ಹೇಳ್ತಿರೋದು. ಬಿದ್ದಿಲ್ಲ. ಅಂದ್ಮೇಲೆ ಅಡ್ಡ ಎಲ್ಲಿಂದ ಬೀಳುತ್ತೆ? ದೀಪ ಮುಟ್ಟಿ ಹೇಳಿದ್ದು ಏನು? ತೋರಿಸಿದ್ರೆ ಗ್ಯಾರೇಜು ನಿಂದು. ತೋರಿಸೇ!"

ಗೋದಾವರಿ ತಮ್ಮನ ಮುಖ ನೋಡಿದಳು. ತಮ್ಮ ನೆಲ ನೋಡಿದ. ಅಪ್ಪಟ ನ್ಯಾಯ, ಅದಕ್ಕೆ ಅಪೀಲಿಲ್ಲ. ಒಂದೂ ಗುರಿ ಮುಟ್ಟದೆ ಗೆದ್ದ ಏಕಮೇವ ವೀರ ಮೀಸೆ ತಿರುವುತ್ತ ಹೊರಡುವುದರಲ್ಲಿದ್ದ.

ಆಗ ಬಿಲ್ಲಿ ಪಕ್ಕದ ಕಾಗದದ ಮುಂದೆ ನಿಂತು ಕೂಗು ಹಾಕಿದ. ಅಣ್ಣಾಸಾಹೇಬನ ಕಾಗದದಲ್ಲಿ, ಕಪ್ಪು ಚುಕ್ಕೆಯ ನಟ್ಟನಡುವೆ, ಒಂದು ತೂತು! ಮೊದಲ ದಿನವೇ ಇಂಥ ಹೊಡೆತವೇ ಎಂದು ಮುದುಕರೆಲ್ಲ ಬಂದು ಅವನ ಬೆನ್ನು ತಟ್ಟಿದರು. ಬಿಲ್ಲಿ ತನ್ನ ತಲೆಯ ಟೋಪಿಯನ್ನೇ ತೆಗೆದು ಅವನಿಗೆ ತೊಡಿಸಿದ.

"ಏನಿಲ್ರಿ, ಸ್ವಲ್ಪ ಉಸಿರು ಹಿಡೀಬೇಕು, ಅಷ್ಟ," ಎಂದ ಅಣ್ಣಾಸಾಹೇಬ ಟೋಪಿ ಸರಿಮಾಡಿಕೊಳ್ಳುತ್ತ. "ಭಾವಾರ, ಬೇಕಾದ್ರ ನಿಮಗೂ ಕಲಿಸಿಕೊಡ್ತೀನಿ. ನಮ್ಮ ಮನಿತನದಾಗ ಗುರಿ ರಕ್ತದಾಗ ಬಂದದ."

ತಿರುಮಲನ ಕಿವಿ ಕೆಂಪಾದವು. ಹಲ್ಲು ಕಚ್ಚಿದ. ಸುಟ್ಟ ಬೆರಳನ್ನು ಹಿಸುಕಿಕೊಂಡ. ಗೋದಾವರಿ ಫೋನ್ ತೆಗೆದು, "ಅಣ್ಣಾಸಾಹೇಬ, ನಗು. ಅವ್ವಗ ಫೋಟೋ ಕಳಸ್ತೀನಿ," ಎಂದಳು. ಅಲ್ಲಿಗೆ ಕುಕ್ಕರಿನ ಸೀಟಿ ಹಾರಿತು.

"ನಿಂದಂತೆ, ನಿಂದು! ಕಣ್ಣು ಮುಚ್ಚಿ ಹೊಡೆದೋನು ನೀನು! ಅದು ನನ್ನ ಗುಂಡು ಕಣೋ! ನೋಡ್ರಪ್ಪ ಎಲ್ಲರೂ, ತೂತು ದುಂಡಗಿದೆಯಾ? ಇಷ್ಟುದ್ದ ಇದೆ! ನಿನ್ನ ಸಾಸಿವೆಕಾಳಿಗೆ ಇಷ್ಟುದ್ದ ಎಲ್ಲಿಂದ ಬರಬೇಕು? ಚಾಪೆ ಹಾಸಿ ಮಲಗಿಸಿದ ಹಾಗೆ ಉದ್ದಕ್ಕೆ, ಅಡ್ಡಡ್ಡ ಬಿದ್ದಿದೆ..."

ಮಾತು ಅಲ್ಲಿಗೆ ನಿಂತಿತು.

"ಏನಂದ್ರಿ?" ಎಂದಳು ಗೋದಾವರಿ, ಬೆಲ್ಲ ಕರಗುವ ದನಿಯಲ್ಲಿ. ಕಿವಿಯ ಮುಚ್ಚಳ ಮೆಲ್ಲಗೆ ಕೆಳಗಿಳಿಸಿದಳು. "ಸರಿ ಕೇಳಿಸಲಿಲ್ಲ. ಇನ್ನೊಮ್ಮೆ ಅನ್ರಿ."

ತಿರುಮಲ ಇನ್ನೊಮ್ಮೆ ಅನ್ನಲಿಲ್ಲ. ಜೀವಮಾನದಲ್ಲಿ ಅದೇ ಮೊದಲು.

ಸಂಜೆ ಹೊತ್ತಿಗೆ ಗುಳಿಬಿದ್ದ ಕಾರು ಮೆರವಣಿಗೆಯಲ್ಲಿ ಬಂದಂತೆ ಗ್ಯಾರೇಜಿನೊಳಗೆ ಬಂದು ನಿಂತಿತು. ಭಾವ ಭಾವಮೈದುನ ಇಬ್ಬರೂ ಸೀಸದ ಡಬ್ಬವನ್ನು ಎರಡು ಕಡೆ ಹಿಡಿದು, ಏದುಸಿರು ಬಿಡುತ್ತ ಹಿತ್ತಲಿನ ಶೆಡ್ಡಿಗೆ ಸಾಗಿಸುತ್ತಿದ್ದರು.

"ಒಂದು ಮಾತು ಹೇಳೋ," ಎಂದ ತಿರುಮಲ. "ಆ ತೂತು ನಿಂದಲ್ಲ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

"ದೂರದಿಂದನ ಗೊತ್ತಾಗಿತ್ರಿ ಭಾವಾರ," ಎಂದ ಅಣ್ಣಾಸಾಹೇಬ. "ನಾನು ಹೇಳಿದ್ರ ನೀವು ಒಪ್ತಿದ್ರೇನು? ನಿಮ್ಮ ಗುಂಡಿನ ಭರವಸೆ ನನಗ ಇರಲಿಲ್ಲ. ನಿಮ್ಮ ಸಿಟ್ಟಿಂದು ಪೂರಾ ಇತ್ತು."