ತಗಡಿನ ಗ್ರೂಪಿನಲ್ಲಿ ಕಂಪ್ಯೂಟರಿನ ಮಾತು

ಸತ್ತವರ ಅಂಗಿ, ಧೋತರ ಯಾರಿಗಾದರೂ ಕೊಡಬಹುದು. ಕನ್ನಡಕವನ್ನು ಕಪಾಟಿನಲ್ಲಿಟ್ಟು ಮರೆಯಬಹುದು. ಸತ್ತವರ ಫೋನನ್ನು ಏನು ಮಾಡಬೇಕೆಂದು ಮಾತ್ರ ನಮ್ಮ ಕಡೆಯ ಹಿರಿಯರು ಯಾರೂ ಇನ್ನೂ ಹೇಳಿಲ್ಲ. ನಮ್ಮ ಯಜಮಾನರು ಹೋಗಿ, ದಿನಕರ್ಮ ಮುಗಿದು, ಬೀಗರೆಲ್ಲ ಹೊಟ್ಟೆತುಂಬ ಉಂಡು, ಸಾರಿಗೆ ಉಪ್ಪು ಜಾಸ್ತಿಯಾಗಿತ್ತೆಂದು ಹೇಳಿ ಊರಿಗೆ ಹೋದ ಮೇಲೂ ಅವರ ಫೋನು ಟಿಣ್ ಟಿಣ್ ಎನ್ನುತ್ತಲೇ ಇತ್ತು. ಫೋನಿಗೆ ಸೂತಕವಿಲ್ಲ. ಬಂದ್ ಮಾಡಿಬಿಡೋಣ ಎಂದ ಮಗ. ಇರಲಿ ಬಿಡು, ತಿಂಗಳ ರೊಕ್ಕ ಮೊದಲೇ ತುಂಬಿದ್ದಾರೆ, ದಂಡವಾಗುತ್ತದೆ ಎಂದೆ. ರೊಕ್ಕ ಮುಗಿದ ಮೇಲೆ ನಾನೇ ಮತ್ತೆ ತುಂಬಿಸಿದೆ.

ಅಕ್ಕೋಳದ ನಮ್ಮ ಮನೆಯ ಮಗ್ಗುಲಿನ ಶೆಡ್ಡಿನಲ್ಲಿ ಅವರು ಹೊಲದ ಯಂತ್ರಗಳನ್ನು ಮಾಡಿಕೊಡುತ್ತಿದ್ದರು. ಕಬ್ಬಿನ ಬೀಜ ತುಂಡರಿಸುವುದು, ಒಣದ್ರಾಕ್ಷಿಯ ತೊಟ್ಟು ಬಿಡಿಸುವುದು, ಅಂಥವು. ಎಲ್ಲವೂ ನಡೆಯುತ್ತಿದ್ದವು ಎಂದು ಹೇಳಿದರೆ ನನ್ನ ನಾಲಿಗೆ ಸೇದಿಹೋದೀತು. ಮೆಣಸಿನಕಾಯಿಯ ತೊಟ್ಟು ಕೀಳುವ ಯಂತ್ರವೊಂದನ್ನು ಮಾಡಿದ್ದರು. ಚಾಲೂ ಮಾಡಿದಾಗ ತೊಟ್ಟು ಒಳಗೇ ಉಳಿದು ಮೆಣಸಿನಕಾಯಿಯೆಲ್ಲ ಓಣಿಗೆ ಹಾರಿತು. ಸಂಜೆಯ ತನಕ ಓಣಿಯ ಮಂದಿ ಸೀನುತ್ತ ಬಂದು ನನ್ನನ್ನು ಬೈದು ಹೋದರು, ಅವರನ್ನಲ್ಲ. ಅವರು ಆಗಲೇ ನೆಲದ ಮೇಲೆ ಚಾಕಿನಿಂದ ಮತ್ತೊಂದು ನಮೂನೆ ಬರೆಯುತ್ತ ಕೂತಿದ್ದರು.

ನಿಪ್ಪಾಣಿಯಿಂದ ಕಾಗವಾಡದವರೆಗೆ ಇಂಥ ವರ್ಕ್‌ಶಾಪ್ ಇಟ್ಟವರನ್ನೆಲ್ಲ ಕೂಡಿಸಿ ಫೋನಿನಲ್ಲಿ ಅವರು ಒಂದು ಗ್ರೂಪ್ ಮಾಡಿದ್ದರು. ಯಂತ್ರದ ವಿನ್ಯಾಸದ ಬಗ್ಗೆ ಒಬ್ಬರನ್ನೊಬ್ಬರು ಕೇಳಿ ತಿಳಿಯುವುದಕ್ಕೆ. ಅಲ್ಲಿ ಯಾರೂ ಬರೆಯುತ್ತಿರಲಿಲ್ಲ, ಎಲ್ಲರೂ ಮಾತಾಡಿ ಕಳಿಸುತ್ತಿದ್ದರು. ಕೈತುಂಬ ಗ್ರೀಸ್ ಮೆತ್ತಿಕೊಂಡವರು ಬರೆಯುವುದು ಹೇಗೆ? ನಮ್ಮವರಂತೂ ಫೋನನ್ನು ಸ್ಟೂಲಿನ ಮೇಲಿಟ್ಟು, ಬಗ್ಗಿ, ಮೂಗಿನ ತುದಿಯಿಂದ ಒತ್ತಿ ಹಿಡಿದು ಮಾತಾಡುತ್ತಿದ್ದರು. ಅದಕ್ಕೇ ಅವರ ಧ್ವನಿ ನೆಗಡಿಯಾದವರ ಹಾಗೆ ಬರುತ್ತಿತ್ತು. ಗ್ರೂಪಿನ ಹಳೆಯ ಮಾತುಗಳನ್ನು ಬೆರಳಿನಿಂದ ಹಿಂದಕ್ಕೆ ಎಳೆಯುತ್ತ ಹೋದರೆ ಈಗಲೂ ಆ ನೆಗಡಿಯ ಧ್ವನಿ ಸಿಗುತ್ತದೆ. ಒಮ್ಮೆ ಹೋಗಿ ಕೇಳಿದ್ದೆ. “ಬೇರಿಂಗ್ ಭಾಳ ಬಿಸಿ ಆಗಾಕತ್ತೈತಿ, ಏನ್ ಮಾಡೂಣು?” ಎಂದು ಕೇಳುತ್ತಿದ್ದರು. ಎದ್ದು ಹೋಗಿ ಒಲೆಯ ಮೇಲೆ ಬೇಳೆ ಇಟ್ಟೆ.

ಮತ್ತೆ ಹಿಂದಕ್ಕೆ ಎಳೆಯಲಿಲ್ಲ, ಎಳೆಯುವ ಅಗತ್ಯವೂ ಬೀಳಲಿಲ್ಲ. ಮುಗಳಖೋಡದ ಬಾಳಪ್ಪ ಮೇಸ್ತ್ರಿ ಇದ್ದನಲ್ಲ. ನಮ್ಮವರ ಕೈಯಲ್ಲಿ ಕೆಲಸ ಕಲಿತು, ತನ್ನದೇ ಶೆಡ್ ಹಾಕಿಕೊಂಡು, ಈಗ ತಾನೂ ಮುದುಕನಾದವನು. ಬೆಳಿಗ್ಗೆ ಮೊದಲು ಅವನ ಕೆಮ್ಮು ಬರುವುದು, ಹಿಂದಿನಿಂದ ಸುತ್ತಿಗೆಯ ಸದ್ದು, ಆಮೇಲೆ ಮಾತು. ಯಾರು ಏನೇ ಕೇಳಲಿ, ಅವನ ಉತ್ತರ “ನಮ್ಮ ದಾದಾ ಇದ್ದಾಗ ಹಿಂಗ್ ಮಾಡತಿದ್ರು ನೋಡ್ರಿ” ಎಂದೇ ಶುರುವಾಗುತ್ತಿತ್ತು. ದಾದಾ ಎಂದರೆ ನಮ್ಮವರು. ಅವರ ನೆನಪನ್ನು ದಿನಾ ಬಾಯಿಬಿಟ್ಟು ತೆಗೆಯುವವನು ಅವನೊಬ್ಬನೇ ಉಳಿದಿದ್ದ. ಮನೆಯಲ್ಲಿ ಯಾರೂ ತೆಗೆಯುವುದಿಲ್ಲ. ತೆಗೆದರೆ ನಾನು ಅಳುತ್ತೇನೆಂದು ಅವರ ಭಯ. ನಾನು ಅಳುವವಳಲ್ಲ. ಆದರೆ ಬಾಳಪ್ಪನ ಕೆಮ್ಮು ಕೇಳದೆ ನನ್ನ ಚಹಾ ಗಂಟಲಿನಿಂದ ಕೆಳಗೆ ಇಳಿಯುತ್ತಿರಲಿಲ್ಲ.

ಹೀಗಿರುವಾಗ ರಾಯಬಾಗದ ಸುಜಾತಾ ಎಂಬ ಹುಡುಗಿ ಗ್ರೂಪಿಗೆ ಬಂದಳು. ಅಪ್ಪನ ವರ್ಕ್‌ಶಾಪನ್ನು ತಾನೇ ನಡೆಸುತ್ತಾಳೆ, ಕಂಪ್ಯೂಟರಿನಲ್ಲಿ ನಕ್ಷೆ ಬರೆಯುತ್ತಾಳೆ. ಒಂದು ದಿನ ಅಂಗೈಯಲ್ಲಿ ತಗಡಿನ ಚೂರುಗಳನ್ನು ಹಿಡಿದ ಫೋಟೋ ಹಾಕಿ, ಕೆಳಗೆ ಉದ್ದಕ್ಕೆ ಏನೋ ಬರೆದಿದ್ದಳು. ಕನ್ನಡ ಮಾತು, ಇಂಗ್ಲಿಷ್ ಅಕ್ಷರ. ನಾನು ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳು, ಆ ಅಕ್ಷರ ನನಗೆ ಇರುವೆ ಸಾಲಿನ ಹಾಗೆ ಕಂಡಿತು. ಸೊಸೆ ಓದಿ ಹೇಳಿದಳು: “ಹನ್ನೆರಡು ಇಂಚಿನ ಚಕ್ರ ಬರದು ಕಟಿಂಗ್ ಮಷೀನಿನವ್ರಿಗೆ ಕಳಿಸಿದ್ನಿರಿ. ಅಂಗಿ ಗುಂಡಿ ಅಷ್ಟು ಮಾಡಿ ಕೊಟ್ಟಾರ. ನನ್ನ ಕಂಪ್ಯೂಟರಿನ್ಯಾಗ ಬರೋಬರಿ ಕಾಣಸ್ತೈತಿ. ಎಲ್ಲಿ ತಪ್ಪೈತಿ ಹೇಳ್ರಿ.”

ನಿಪ್ಪಾಣಿಯ ಒಬ್ಬಾತ ಕೂಡಲೇ ಬರೆದ: ನೀನು ಇಂಚು ಎಂದು ಬರೆದದ್ದನ್ನು ಅಲ್ಲಿಯ ಯಂತ್ರ ಮಿಲಿಮೀಟರ್ ಎಂದು ತಿಳಿದಿದೆ, ಕಳಿಸುವ ಮೊದಲು ಸಾಫ್ಟ್‌ವೇರಿನಲ್ಲಿ ಅದನ್ನು ಬದಲಾಯಿಸಬೇಕು. ಅಲ್ಲಿಗೆ ಮುಗಿಯಬೇಕಿತ್ತು. ಇನ್ನೊಬ್ಬ ತನ್ನ ಸಾಫ್ಟ್‌ವೇರಿನ ತ್ರಾಸು ಬರೆದ, ಮತ್ತೊಬ್ಬ ತನ್ನದು. ದಿನವೆಲ್ಲ ಇರುವೆಗಳೇ ಇರುವೆಗಳು. ಸಂಜೆ ಬಾಳಪ್ಪ ಯಾರಿಂದಲೋ ಅದನ್ನು ಓದಿಸಿ ಕೇಳಿ, ಕೆಮ್ಮದೆಯೇ ಶುರು ಮಾಡಿದ.

“ಇದು ಯಂತ್ರದ ಗ್ರೂಪ್ ಐತ್ಯೋ, ಕಂಪ್ಯೂಟರ್ ಸಾಲಿ ಐತ್ಯೋ? ಗೇರ್ ಹಲ್ಲ ಮುರೀತು, ಶಾಫ್ಟ್ ಬಾಗಿತು ಅಂತ ಕೇಳ್ರಿ, ಹೇಳ್ತೇನಿ. ಸಾಫ್ಟ್‌ವೇರ್ ಸುಳ್ಳ ಹೇಳಿತು ಅಂತ ನಮ್ಮ ಮುಂದ ಯಾಕ ಅಳತೀರಿ? ಅದಕ್ಕ ಬ್ಯಾರೆ ಗ್ರೂಪ್ ಮಾಡ್ಕೋರಿ. ಬರದದ್ದು ನನಗ ಓದಾಕೂ ಬರಂಗಿಲ್ಲ.”

ಸುಜಾತಾಳೂ ಬಾಯಿಯಿಂದಲೇ ಹೇಳಿ ಕಳಿಸಿದಳು: “ಮೇಸ್ತ್ರಿ ಕಾಕಾ, ನೀವು ಚಾಕ್‌ಲೆ ನೆಲದ ಮ್ಯಾಲ ಬರದ್ರ ಅದು ಡಿಸೈನ್, ನಾ ಕಂಪ್ಯೂಟರಿನ್ಯಾಗ ಬರದ್ರ ಸಾಲಿ ಏನ್ರಿ?”

ಹುಡುಗಿ ಹೇಳಿದ್ದು ಬರೋಬರಿ ಇತ್ತು. ಬಾಳಪ್ಪ ಗ್ರೂಪ್ ಬಿಡುತ್ತೇನೆಂದ. ಅರ್ಧ ಮಂದಿ ಅವನ ಕಡೆ, ಅರ್ಧ ಮಂದಿ ಅವಳ ಕಡೆ. ಅಷ್ಟರಲ್ಲಿ ಯಾರಿಗೋ ನೆನಪಾಯಿತು, ಗ್ರೂಪಿನ ಅಡ್ಮಿನ್ ದಾದಾ, ದಾದಾನ ಫೋನು ಈಗ ಆಯಿಯ, ಅಂದರೆ ನನ್ನ, ಕೈಯಲ್ಲಿ. ಫೋನಿನ ಮೇಲೆ ಫೋನು. ಅಡ್ಮಿನ್ ಎಂದರೇನು ಎಂದು ಸೊಸೆಯನ್ನು ಕೇಳಿದೆ.

“ಯಾರನ್ನ ಬೇಕಾದ್ರೂ ಹೊರಗ ಹಾಕಾಕ ಬರ್ತೈತ್ರಿ ಅತ್ತಿ, ಯಾರನ್ನ ಬೇಕಾದ್ರೂ ಒಳಗ ತರಾಕ ಬರ್ತೈತಿ,” ಎಂದಳು.

ನಲವತ್ತು ವರ್ಷ ಸಂಸಾರ ಮಾಡಿದರೂ ಮನೆಯಲ್ಲಿ ಸಿಗದ ಅಧಿಕಾರ ಫೋನಿನಲ್ಲಿ ಸಿಕ್ಕಿತ್ತು. ಬಾಳಪ್ಪ ಹೋದರೆ ನನ್ನ ಬೆಳಗು ಹೋದಂತೆ. ಹುಡುಗಿಯನ್ನು ಹೊರಹಾಕಿದರೆ ನಮ್ಮವರು ಮೆಚ್ಚುವುದಿಲ್ಲ. ಕೇಳಲು ಬಂದವರನ್ನು ಅವರು ಎಂದೂ ಬರಿಗೈಲಿ ಕಳಿಸಿದವರಲ್ಲ. ರೊಟ್ಟಿ ಬಡಿಯುತ್ತ ಯೋಚನೆ ಮಾಡಿದೆ. ಜಗಳದ ಬೇರು ಬರವಣಿಗೆಯಲ್ಲಿದೆ, ಬಾಳಪ್ಪನಿಗೆ ಓದಲು ಬರುವುದಿಲ್ಲ, ಅಷ್ಟೇ ಎಂದು ಹೊಳೆಯಿತು. ಕೈ ತೊಳೆದುಕೊಂಡು ಬಂದು, ಬೆರಳಿನಿಂದಲೇ ಒತ್ತಿ ಹೇಳಿದೆ: “ಯಾರ್ ಏನ್ ಬೇಕಾದ್ರೂ ಕೇಳ್ರಿ. ಸಾಫ್ಟ್‌ವೇರೂ ಕೇಳ್ರಿ, ತಗಡೂ ಕೇಳ್ರಿ. ಆದ್ರ ಬರೀಬ್ಯಾಡ್ರಿ. ಬಾಯಿಲೆ ಹೇಳ್ರಿ, ಕನ್ನಡದಾಗ, ಬಿಡಿಸಿ ಹೇಳ್ರಿ. ಬರದವ್ರನ್ನ ಹೊರಗ ಹಾಕತೇನಿ.”

ಶಹಬ್ಬಾಸ್ ಎಂದರು. ಆಯಿಯ ನ್ಯಾಯ ಎಂದರು. ಚಪ್ಪಾಳೆಯ ಚಿತ್ರಗಳು ಬಂದವು. ನಾನು ಎರಡು ದಿನ ಸೊಸೆಯ ಮುಂದೆ ಸ್ವಲ್ಪ ಎದೆ ಸೆಟೆಸಿಕೊಂಡೇ ಓಡಾಡಿದೆ.

ಸುಜಾತಾ ನನ್ನ ಮಾತು ಉಳಿಸಿದಳು. ಯಾವ ಗುಂಡಿ ಒತ್ತಬೇಕು, ಅಳತೆಯನ್ನು ಎಲ್ಲಿ ಬದಲಾಯಿಸಬೇಕು ಎಂದು ಸಾವಕಾಶವಾಗಿ, ಮಕ್ಕಳಿಗೆ ಹೇಳಿದ ಹಾಗೆ ಹೇಳುತ್ತಿದ್ದಳು. ಕಡೆಗೆ ದನಿಯಲ್ಲಿ ಗೌರವವಿಟ್ಟು “ಮೇಸ್ತ್ರಿ ಕಾಕಾ, ತಿಳೀತೇನ್ರಿ?” ಎಂದು ಕೇಳುತ್ತಿದ್ದಳು. ಬಾಳಪ್ಪ ಮಾತಾಡುತ್ತಿರಲಿಲ್ಲ. ಬೆಳಗಿನ ಕೆಮ್ಮೂ ನಿಂತಿತು. ಕೆಲವು ದಿನ ಕಳೆದು ಸೊಸೆ ಫೋನು ನೋಡಿ, “ಅತ್ತಿ, ಬಾಳಪ್ಪ ಮೇಸ್ತ್ರಿ ಗ್ರೂಪ್ ಬಿಟ್ರು,” ಎಂದಳು.

ನಾನೇ ಫೋನು ಹಚ್ಚಿದೆ.

“ಯಾಕೋ ಬಾಳಪ್ಪ, ಎದ್ದು ಹ್ವಾದಿ? ಬಾಯಿಲೆ ಹೇಳ್ರಿ ಅಂದದ್ದು ನಿನ್ನ ಸಲುವಾಗೇ ಅಲ್ಲೇನು?”

“ಅದಕ್ಕ ಹ್ವಾದ್ನಿ ವೈನಿ,” ಎಂದ. “ಬರದು ಕಳಸ್ತಿದ್ರಲ್ಲ, ಅವಾಗ ಓದಾಕ ಬರಂಗಿಲ್ಲ, ಅದಕ್ಕ ತಿಳೀಲಿಲ್ಲ ಅಂತಿದ್ದೆ. ಮಂದಿನೂ ಹೌದು ಅಂತಿದ್ರು. ಈಗ ನಮ್ಮ ಮಾತಿನ್ಯಾಗ, ಬಿಡಿಸಿ ಬಿಡಿಸಿ ಹೇಳತಾಳ ಪೋರಿ. ಚಲೋ ಹೇಳತಾಳ. ಆದ್ರೂ ತಿಳೀವಲ್ದು. ಇನ್ನ ಏನ್ ಅನ್ಲಿ?”

“ಕೆಮ್ಮಿಗೆ ಔಷಧ ತಗೊಂಡಿ?” ಎಂದೆ.

“ತಗೊಂಡ್ನಿ.”

“ರಾತ್ರಿ ಮೊಸರು ಉಣಬ್ಯಾಡ.”

“ಇಲ್ರಿ. ದಾದಾ ಇದ್ದಿದ್ರ...” ಎಂದವನು, ಇಡತೇನ್ರಿ ಎಂದು ಫೋನು ಇಟ್ಟ.

ಒಂದು ಗುಂಡಿ ಒತ್ತಿದರೆ ಅವನನ್ನು ಮತ್ತೆ ಒಳಗೆ ತರಬಹುದೆಂದು ಸೊಸೆ ತೋರಿಸಿದಳು. ಬೆರಳನ್ನು ಅಲ್ಲಿಯವರೆಗೂ ಒಯ್ದೆ. ಒಳಗೆ ಬಂದು ಅವನು ಮಾಡುವುದೇನು? ಎಲ್ಲರ ಮುಂದೆ ತಿಳಿಯದವನಾಗಿ ಕೂರಬೇಕು. ಅವನಿಗೊಂದು ಗೋಡೆಯ ಆಸರೆ ಇತ್ತು, ಅವನಿಗೆ ಅಡ್ಡವಾಗಿದೆಯೆಂದು ನಾನೇ ಅದನ್ನು ಕೆಡವಿದ್ದೆ. ಬೆರಳನ್ನು ಹಿಂದಕ್ಕೆ ತೆಗೆದುಕೊಂಡೆ.

ಗ್ರೂಪ್ ಈಗ ಜೋರಾಗಿ ನಡೆದಿದೆ. ಸುಜಾತಾಳ ಚಕ್ರ ಬರೋಬರಿ ಅಳತೆಗೆ ಬಂತಂತೆ. ಈಗ ಎಲ್ಲರೂ ಸಾಫ್ಟ್‌ವೇರನ್ನೇ ಕೇಳುತ್ತಾರೆ, ನಾನು ಹೇಳಿದ ಹಾಗೆ ಬಾಯಿಯಿಂದಲೇ. ದಾದಾ ಹೀಗೆ ಮಾಡುತ್ತಿದ್ದರು ಎಂದು ಹೇಳುವವರು ಯಾರೂ ಇಲ್ಲ. ಬಾಳಪ್ಪನ ಜಾಗಕ್ಕೆ ಹುಡುಗಿ ನನ್ನನ್ನು ಕೂರಿಸಿದ್ದಾಳೆ. ಹೇಳಿ ಮುಗಿಸಿ “ಆಯಿ, ತಿಳೀತೇನ್ರಿ?” ಎನ್ನುತ್ತಾಳೆ. “ತಿಳೀತವ್ವಾ, ಮುಂದ ಹೇಳು,” ಎನ್ನುತ್ತೇನೆ. ಒಂದು ಅಕ್ಷರವೂ ತಿಳಿದಿರುವುದಿಲ್ಲ. ಬಾಳಪ್ಪನ ಹಾಗೆ ಮಾನದಿಂದ ನಾನೂ ಬಿಟ್ಟುಬಿಡಬೇಕೆಂದು ಸೊಸೆಗೆ ಹೇಳಿದೆ. ಬಿಟ್ಟರೆ ಎಲ್ಲರ ಫೋನಿನಲ್ಲೂ ಹೆಸರು ಬರುತ್ತದೆ ಅತ್ತಿ ಎಂದಳು. ಬರಲಿ ಬಿಡು ಎಂದೆ. ನಿಮ್ಮದಲ್ಲ, ಮಾವನವರದು, ಅವರು ಹೋದರು ಅಂತ ಬರುತ್ತದೆ ಎಂದಳು.

ಒಬ್ಬ ಮನುಷ್ಯ ಎಷ್ಟು ಸಲ ಹೋಗಬೇಕು? ಅದಕ್ಕೇ ಬಿಟ್ಟಿಲ್ಲ. ಇಂಚಿಗೂ ಮಿಲಿಮೀಟರಿಗೂ ಹ್ಞೂಂ ಹ್ಞೂಂ ಎನ್ನುತ್ತ, ಅಡ್ಮಿನ್ ಆಗಿ ಕೂತಿದ್ದೇನೆ.