ಮಹಡಿಯ ಕಡಲು ಕೆಳಗಿಳಿದದ್ದು

ಎಲ್ಲಕ್ಕೂ ಕಾರಣ ಒಂದು ಕೆನೆ. ಅದೂ ಹಾಲಿನ ಕೆನೆಯಲ್ಲ, ಕಡಲಿನ ಕೆನೆ.

ಗಡಿಯಾರ ರಿಪೇರಿಯವನು ರಜೆಯ ದಿನ ಬೆಳಿಗ್ಗೆ ಎದ್ದು, ಮುಖ ಕೂಡ ತೊಳೆಯದೆ, ನಡುಮನೆಯ ಗಾಜಿನ ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತಾಗ ಅದು ಕಣ್ಣಿಗೆ ಬಿತ್ತು. ಉಪ್ಪುನೀರಿನ ಮೇಲೆ ಎಣ್ಣೆಪಸೆಯ ತೆಳು ಪರದೆ. ಅದರ ಕೆಳಗೆ ಅವನ ಎರಡು ಮೀನುಗಳು, ಕಿತ್ತಳೆ ಮೈಗೆ ಬಿಳಿ ಪಟ್ಟೆ ಸುತ್ತಿಕೊಂಡವು, ಬಾಯಿ ಮೇಲೆತ್ತಿ ಗಾಳಿಗೆ ಹಾತೊರೆಯುತ್ತಿದ್ದವು.

ವಾರವಿಡೀ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಸಾಸಿವೆಗಿಂತ ಸಣ್ಣ ಚಕ್ರಗಳನ್ನು ನೋಡುವವನು ಅವನು. ಮನೆಗೆ ಬಂದು ಎರಡೂ ಕಣ್ಣು ಬಿಟ್ಟು ನೋಡಲು ಇದ್ದದ್ದು ಈ ತೊಟ್ಟಿಯೊಂದೇ. ಅದಕ್ಕಾಗಿ ಮನೆ ಒಡತಿಯ ಷರತ್ತಿಗೂ ತಲೆಬಾಗಿದ್ದ. ಒಡತಿ ಇರುವುದು ಕೆಳಮನೆಯಲ್ಲಿ. ಆಕೆಯ ಮಂಚ ಇರುವುದು ಸರಿಯಾಗಿ ಈ ತೊಟ್ಟಿಯ ಅಡಿಯಲ್ಲಿ. ತೊಟ್ಟಿ ಬಂದ ದಿನವೇ ಆಕೆ ಮೆಟ್ಟಿಲ ಮೇಲೆ ನಿಂತು ಹೇಳಿದ್ದಳು: "ಸಾಕ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ಒಂದು ಹನಿ, ಒಂದೇ ಒಂದು ಹನಿ ನನ್ನ ಸೂರಿಂದ ಬಿತ್ತು ಅಂದ್ರೆ, ಅವತ್ತೇ ಸಂಜೆಯಿಂದ ಇದು ನಿಮ್ಮ ಮನೇಲಿ ಇರಬಾರದು."

ಅವನು ಮೀನಿನ ಅಂಗಡಿಯವನಿಗೆ ಫೋನ್ ಮಾಡಿದ.

"ಓವರ್‌ಫ್ಲೋ ಹಾಕ್ಸಿ ಸಾರ್," ಎಂದ ಅಂಗಡಿಯವನು. "ಮೇಲಿನ ಕೆನೆ ನೀರೆಲ್ಲ ತಾನಾಗೇ ಜಾರಿ ಕೆಳಗಿನ ತೊಟ್ಟಿಗೆ ಬರುತ್ತೆ. ಅಲ್ಲಿ ಸೋಸಿದ ಮೇಲೆ ಪಂಪು ಮತ್ತೆ ಮೇಲಕ್ಕೆ ಕಳಿಸುತ್ತೆ. ಸುತ್ತುತ್ತಾ ಇರುತ್ತೆ, ನಿಮ್ಮ ಗಡಿಯಾರದ ಮುಳ್ಳಿನ ಹಾಗೆ."

"ಯಾವ ಥರದ್ದು ಒಳ್ಳೇದು?"

"ಎರಡಿದೆ ಸಾರ್. ಒಂದು, ಗಾಜಿಗೇ ತೂತು ಕೊರೆಯೋದು. ಇನ್ನೊಂದು, ಅಂಚಿಗೆ ಡಬ್ಬಿ ನೇತುಹಾಕೋದು, ನೀರು ಬಾಗಿದ ಪೈಪಲ್ಲಿ ಗಾಜು ಹತ್ತಿ ಆಚೆ ಇಳಿಯುತ್ತೆ. ಕೊರೆಯೋದ್ರಲ್ಲಿ ಅರ್ಧ ಗಂಟೆ ಭಯ, ಆಮೇಲೆ ಜೀವಮಾನ ನೆಮ್ಮದಿ. ನೇತುಹಾಕೋದ್ರಲ್ಲಿ ಅರ್ಧ ಗಂಟೆ ನೆಮ್ಮದಿ..."

"ಆಮೇಲೆ?"

"ಹಲೋ? ಹಲೋ? ನಿಮ್ಮ ಮಾತು ಕೇಳಿಸ್ತಿಲ್ಲ ಸಾರ್."

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿಗೆ ಹೊರಟವಳು ಬಾಗಿಲಲ್ಲೇ ನಿಂತಳು. "ರೀ, ಗಾಜು ಕೊರೀತೀರಾ? ಕೊರೆಯೋದಾದ್ರೆ ಹೇಳಿ, ಹಾಸಿಗೆ ಮಡಚಿಟ್ಟು ಹೋಗ್ತೀನಿ."

"ಹಿತ್ತಾಳೆ ತಟ್ಟೆಗೆ ಕೂದಲೆಳೆಯಂಥ ತೂತು ಕೊರೆಯೋನು ಕಣೇ ನಾನು."

"ಅದು ಒಡೆದ್ರೆ ನೂರು ಲೀಟರ್ ಸುರಿಯಲ್ಲ," ಎಂದು ಹೇಳಿ ಅವಳು ಮೆಟ್ಟಿಲಿಳಿದಳು.

ಆ ಮಾತು ಅವನ ಕೈಯೊಳಗೆ ಹೋಗಿ ಕೂತಿತು. ಕೊರೆಯುವ ಯಂತ್ರವನ್ನು ಗಾಜಿನ ಹತ್ತಿರ ಒಯ್ದ, ಕೈ ನಡುಗಿತು, ಕೆಳಗಿಟ್ಟ, ನಿಂತಿತು. ಮತ್ತೆ ಒಯ್ದ, ಮತ್ತೆ ನಡುಗಿತು. ನೇತುಹಾಕುವುದೇ ಸರಿ ಎಂದು ಕೈಯೇ ತೀರ್ಮಾನ ಮಾಡಿತು.

ಅಷ್ಟರಲ್ಲಿ ಕೆಳಗಿನಿಂದ ಒಡತಿಯ ದನಿ ಮೆಟ್ಟಿಲು ಹತ್ತಿ ಬಂತು. "ನೀರು ಬಂದಿದೆ! ತುಂಬಿಸ್ಕೊಳ್ಳಿ! ಯಾವುದನ್ನೂ ಅರ್ಧ ಬಿಡಬೇಡಿ!" ದಿನ ಬಿಟ್ಟು ದಿನ ಒಂದೇ ಗಂಟೆ ಬರುವ ನಲ್ಲಿ ನೀರಿಗೆ ಆಕೆ ನಲವತ್ತು ವರ್ಷದಿಂದ ಹೀಗೆ ಕೂಗುತ್ತ ಬಂದವಳು. ಅರ್ಧ ತುಂಬಿದ ಬಕೆಟ್ಟು ಕಂಡರೆ ಆಕೆಗೆ ಅರ್ಧ ಹೆಣೆದ ಜಡೆ ಕಂಡ ಹಾಗೆ; ಕೈ ಸುಮ್ಮನಿರುತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅಂಗಡಿಯಿಂದ ಎಲ್ಲವೂ ಬಂತು. ಒಂದು ಕೆಳತೊಟ್ಟಿ, ಒಂದು ಪಂಪು, ಮತ್ತು ಓವರ್‌ಫ್ಲೋ: ಗಾಜಿನ ಒಳಗೊಂದು ಡಬ್ಬಿ, ಹೊರಗೊಂದು ಡಬ್ಬಿ, ನಡುವೆ ಅಂಚಿನ ಮೇಲೆ ಸವಾರಿ ಕೂತ ಬಾಗಿದ ಪೈಪು. ಒಳಡಬ್ಬಿಯ ಬಾಯಿಗೆ ಬಾಚಣಿಗೆಯಂಥ ಹಲ್ಲು. ಕೆನೆ ನುಗ್ಗಲಿ, ಮೀನು ನುಗ್ಗದಿರಲಿ ಎಂದು. ಅದರ ಹಿಂದೆಯೇ ಎದುರುಮನೆಯ ಲೆಕ್ಕದ ಮೇಷ್ಟ್ರೂ ಬಂದರು. ನಿವೃತ್ತಿಯಾದ ಮೇಲೆ ಅವರಿಗೆ ಲೆಕ್ಕಗಳು ಸಿಗುತ್ತಿರಲಿಲ್ಲ. ಎಲ್ಲಿ ಸುತ್ತಿಗೆ ಸದ್ದಾದರೂ ಅಡಿಕೋಲು ಹಿಡಿದು ಬರುತ್ತಿದ್ದರು.

"ತಾಳಿ, ತಾಳಿ. ನೀರು ಮೇಲಕ್ಕೆ ಯಾಕೆ ಹತ್ತುತ್ತೆ? ಅದಕ್ಕೇನು ಅಂಥ ಕರ್ಮ?"

"ಆಚೆ ಇನ್ನೂ ಕೆಳಗೆ ಇಳಿಯೋ ಆಸೆಗೆ ಹತ್ತುತ್ತೆ ಮೇಷ್ಟ್ರೇ. ಒಂದು ಸಲ ಪೈಪಿನ ಗಾಳಿ ಎಳೆದು ತೆಗೆದ್ರೆ ಸಾಕು."

"ಮೂವತ್ತೈದು ವರ್ಷ ಹುಡುಗರಲ್ಲಿ ಈ ಆಸೆ ಹುಟ್ಟಿಸೋಕೆ ನನಗಾಗ್ಲಿಲ್ಲ ನೋಡಿ," ಎಂದು ಮೇಷ್ಟ್ರು ಕುರ್ಚಿ ಎಳೆದುಕೊಂಡರು.

ಗಾಳಿ ಎಳೆಯುವುದು ಬಾಯಿಂದ. ಅವನು ಸಣ್ಣ ಕೊಳವೆಯನ್ನು ತುಟಿಗಿಟ್ಟು ಎಳೆದ. ಮೇಷ್ಟ್ರು ಪೈಪಿನ ಮೇಲೆ ಕಣ್ಣಿಟ್ಟು "ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ಶಹಭಾಸ್" ಎನ್ನುತ್ತಿದ್ದಂತೆ ಕಡಲು ಗಂಟಲಿಗೆ ಬಂತು. ಕೆಮ್ಮಿ, ಕ್ಯಾಕರಿಸಿ, ಕಣ್ಣು ಹೊರಬಂದು ಅವನೂ ಗಾಜಿನೊಳಗಿನವರ ಬಳಗದವನಂತೆ ಕಂಡ. ತೊಟ್ಟಿಯ ಮೀನುಗಳು ಹತ್ತಿರ ಬಂದು ನೋಡಿದವು.

ಪಂಪು ಹಾಕಿದ. ಕೆಳಗಿನ ನೀರು ಮೇಲೆ ಬಂತು. ಮೇಲಿನದು ಕೆಳಗೆ ಹೋಗಲಿಲ್ಲ. ಪೈಪಿನ ಬಾಗಿನಲ್ಲಿ ಒಂದು ಗುಳ್ಳೆ, ಮದುವೆ ಮನೆಯ ಬಾಗಿಲಲ್ಲಿ ಮುನಿಸಿಕೊಂಡು ನಿಂತ ಭಾವನಂತೆ, ದಾರಿ ಕಟ್ಟಿತ್ತು. ಮೇಷ್ಟ್ರು ಅಡಿಕೋಲಿಟ್ಟು ಓದತೊಡಗಿದರು. "ಅಂಚಿಗೆ ಇನ್ನು ಎರಡು ಬೆರಳು. ಒಂದೂವರೆ. ಒಂದು. ಎಷ್ಟು ಕ್ರಮವಾಗಿ ಏರ್ತಿದೆ ನೋಡಿ!"

"ಓದಬೇಡಿ ಮೇಷ್ಟ್ರೇ, ಪ್ಲಗ್ ಕೀಳಿ!"

ಮೇಷ್ಟ್ರು ಕಿತ್ತರು. ಫ್ರಿಜ್ ನಿಂತಿತು. ಗಡಿಯಾರದವನು ಹೆಂಡತಿಯ ಹೊಸ ಹೊದಿಕೆಯನ್ನು ತೊಟ್ಟಿಯ ಬುಡಕ್ಕೆ ಒತ್ತಿ ಹಿಡಿದು ಕಾಲಿನಿಂದಲೇ ಸರಿಯಾದ ಪ್ಲಗ್ ಎಳೆದ. ನೀರು ಅಂಚಿನಲ್ಲಿ ಉಬ್ಬಿ ನಿಂತು, ಯೋಚಿಸಿ, ಬೀಳದೆ ಉಳಿಯಿತು. ಅವನು ಸೂರಿನತ್ತ ನೋಡಿ ಕೈಮುಗಿದ.

ಎರಡನೆಯ ಸಲ ಗುಳ್ಳೆ ಹೋಯಿತು, ಸದ್ದು ಬಂತು. ಯಾರೋ ಬಸಿಯಲ್ಲಿ ಬಿಸಿ ಕಾಫಿ ಸುರಿದುಕೊಂಡು ಸೊರ್ ಸೊರ್ ಎಂದು ಹೀರಿದ ಹಾಗೆ. ಹೊರಡಬ್ಬಿಯಿಂದ ಕೆಳತೊಟ್ಟಿಗೆ ಇಳಿಯುವ ಪೈಪಿನ ಮುಚ್ಚಳಕ್ಕೆ ಅವನು ಸೂಜಿಯಷ್ಟು ತೂತು ಕೊರೆದ. ಗಾಜಿಗೆ ನಡುಗಿದ ಕೈ ಪ್ಲಾಸ್ಟಿಕ್ಕಿಗೆ ನಡುಗಲಿಲ್ಲ. ಒಳಕ್ಕೆ ಗಾಳಿ ಹೋಯಿತು, ಸದ್ದು ಅಡಗಿತು. ನೀರು ಮಾತಿಲ್ಲದೆ ಗಾಜು ಹತ್ತಿತು, ಮಾತಿಲ್ಲದೆ ಆಚೆ ಇಳಿಯಿತು. ಕೆನೆ ಹಲ್ಲುಗಳ ನಡುವೆ ಜಾರಿ ಮಾಯವಾಯಿತು. ಮೀನುಗಳು ಬಾಯಿ ಮುಚ್ಚಿದವು, ಮೇಷ್ಟ್ರು ಬಾಯಿ ತೆರೆದರು.

"ಕರೆಂಟ್ ಹೋದ್ರೆ?"

"ಪಂಪು ನಿಲ್ಲುತ್ತೆ. ಮೇಲಿನ ಒಂದಿಷ್ಟು ನೀರು ಕೆಳತೊಟ್ಟಿಗೆ ಇಳಿಯುತ್ತೆ. ಅದಕ್ಕೆ ಜಾಗ ಬೇಕಲ್ಲ, ಅದಕ್ಕೇ ಕೆಳಗಿನದನ್ನ ಅರ್ಧ ಖಾಲಿ ಬಿಟ್ಟಿರೋದು." ಅವನು ಹೆಂಡತಿಯ ಉಗುರುಬಣ್ಣದಲ್ಲಿ ಕೆಳತೊಟ್ಟಿಯ ಮೇಲೆ ಒಂದು ಕೆಂಪು ಗೆರೆ ಎಳೆದ. "ಪಂಪು ಓಡ್ತಿರುವಾಗ ನೀರು ಈ ಗೆರೆ ದಾಟಬಾರದು. ದಾಟದಿದ್ರೆ ಪ್ರಪಂಚ ಮುಳುಗಿದ್ರೂ ನಮ್ಮ ನೆಲ ಒಣಗಿರುತ್ತೆ."

ಹನ್ನೊಂದು ಸಲ ಪ್ಲಗ್ ಕಿತ್ತು ನೋಡಿದರು. ಹನ್ನೊಂದು ಸಲವೂ ನೀರು ಇಳಿಯಿತು, ತುಂಬಿತು, ಅಂಚು ಮುಟ್ಟುವ ಮೊದಲೇ ನಿಂತಿತು.

ಹನ್ನೊಂದನೆಯದು ಮುಗಿದು ಪಂಪು ಮತ್ತೆ ಓಡತೊಡಗಿದಾಗ ಬಾಗಿಲಲ್ಲಿ ಒಡತಿ. "ಏನ್ರೀ ಗಡಿಯಾರದೋರೆ, ಬೆಳಗಿಂದ ಧಡಧಡ? ನನ್ನ ಸೂರು..." ಎಂದವಳು ಅಲ್ಲಿಗೇ ನಿಂತಳು. ಕಣ್ಣು ಬಾಗಿದ ಪೈಪಿನ ಮೇಲಿತ್ತು.

"ಇದೇನು, ನೀರು ಗೋಡೆ ಹತ್ತುತ್ತಾ?"

"ಹತ್ತುತ್ತೆ ಅಮ್ಮಾ."

"ಯಾರೂ ನೂಕದೇ?"

"ಇಳಿಯೋ ಆಸೆಗೆ ಹತ್ತುತ್ತೆ," ಎಂದರು ಮೇಷ್ಟ್ರು, ತಮ್ಮದೇ ಮಾತೆಂಬಂತೆ.

ಆಕೆ ಸೆರಗು ಬಿಗಿದುಕೊಂಡು ಮುಕ್ಕಾಲುಮಣೆಯ ಮೇಲೆ ಕೂತಳು. ಹತ್ತುವಲ್ಲಿ ನೋಡಿದಳು, ಇಳಿಯುವಲ್ಲಿ ನೋಡಿದಳು, ನಡುವೆ ಏನಾಗುತ್ತದೆಂದು ಬಗ್ಗಿ ನೋಡಿದಳು. "ಎಲಾ ಇದರ!" ಎಂದಳು. ಮೀನೊಂದು ಗಾಜಿನ ಹತ್ತಿರ ಬಂದು ಆಕೆಯ ಮೂಗುತಿಯನ್ನು ನೋಡಿತು. "ನನ್ನೇ ನೋಡ್ತಿದೆ ಕಣ್ರೀ, ಗುರುತು ಸಿಕ್ಕಿದ ಹಾಗೆ!"

ಎದುರುಮನೆಯಿಂದ ಮೇಷ್ಟ್ರ ಹೆಂಡತಿ ಕಾಫಿಗೆ ಕರೆದರು. "ನೀವು ಹೋಗಿಬನ್ನಿ," ಎಂದಳು ಒಡತಿ, ತೊಟ್ಟಿಯಿಂದ ಕಣ್ಣು ಕೀಳದೆ. "ನಾನು ನೋಡ್ಕೋತಿರ್ತೀನಿ."

ವೈರಿಯೇ ಕಾವಲಿಗೆ ಕೂತಂತಾಯಿತು. ಗಡಿಯಾರದವನ ಎದೆ ಅರಳಿತು. ಎದುರುಮನೆಯಲ್ಲಿ ಅವನು ಮೊದಲ ಗುಟುಕು ಹೀರುವಾಗಲೇ ದೀಪ ಆರಿತು, ಫ್ಯಾನ್ ನಿಂತಿತು.

"ಕರೆಂಟ್!" ಎಂದು ಮೇಷ್ಟ್ರು ಅರ್ಧ ಎದ್ದರು.

"ಕೂತ್ಕೊಳ್ಳಿ ಮೇಷ್ಟ್ರೇ. ಹನ್ನೊಂದು ಸಲ ಪಾಸಾಗಿದೆ. ಅಕ್ಕಾ, ಇನ್ನರ್ಧ ಲೋಟ ಹಾಕಿ." ಅವನು ಕಾಲು ನೀಡಿ ಕೂತ. ಜೀವನದಲ್ಲಿ ಅಷ್ಟು ನೆಮ್ಮದಿಯಾಗಿ ಅವನು ಕಾಫಿ ಕುಡಿದದ್ದಿಲ್ಲ.

ಆ ಲೋಟ ಮುಗಿಯುವ ಹೊತ್ತಿಗೆ ಹೆಂಡತಿಯ ಕೂಗು ಕೇಳಿತು. "ರೀ! ನಡುಮನೇಲಿ ಸಮುದ್ರ!"

ಓಡಿಬಂದು ನೋಡಿದರೆ, ಡ್ಯೂಟಿ ಮುಗಿಸಿ ಬಂದ ಹೆಂಡತಿ ಚಪ್ಪಲಿ ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿ. ಒಡತಿ ಮುಕ್ಕಾಲುಮಣೆಯ ಮೇಲೆ ನಿಂತು, ಸೀರೆ ಮೊಣಕಾಲಿಗೆತ್ತಿ, ಕೈಯಲ್ಲಿ ಖಾಲಿ ಬಕೆಟ್ಟು. ಕೆಳತೊಟ್ಟಿ ನಾಲ್ಕೂ ಕಡೆಯಿಂದ ಸುರಿಯುತ್ತಿತ್ತು. ಕೆಂಪು ಗೆರೆ ನೀರಿನೊಳಗೆಲ್ಲೋ ಹೂತುಹೋಗಿತ್ತು.

"ನಾನೇನೂ ಮಾಡಿಲ್ಲ!" ಎಂದಳು ಆಕೆ. "ಅದು ಅರ್ಧ ಖಾಲಿ ಇತ್ತು. ಇಷ್ಟೆಲ್ಲ ಮಾಡಿ ನೀರಿಗೆ ಜಿಪುಣತನವಾ, ಪಾಪ ಮೂಕಪ್ರಾಣಿ, ಅಂತ ನಿಮ್ಮ ಬಚ್ಚಲಿಂದ ಎರಡು ಬಕೆಟ್ ತುಂಬಿಸ್ದೆ, ಅಷ್ಟೇ!"

ಕೆಳಗಿನಿಂದ ಟಪ್ ಎಂದಿತು. ನಾಲ್ವರೂ ಸಾಲಾಗಿ ಇಳಿದುಹೋಗಿ ನೋಡಿದರು. ಒಡತಿಯ ಮಂಚದ ಮೇಲೆ, ಸರಿಯಾಗಿ ದಿಂಬಿನ ನಡುವೆ, ಬಟ್ಟಲಗಲದ ಒದ್ದೆ. ಸೂರಿನಲ್ಲಿ ಇನ್ನೊಂದು ಹನಿ ತೂಗುತ್ತ, ಬೀಳಲೋ ಬೇಡವೋ ಎನ್ನುತ್ತಿತ್ತು. ಬಿತ್ತು.

"ಅಮ್ಮಾ, ತುಂಬಿಸಿದ್ದು ನೀವೇ ಅಲ್ವಾ," ಎಂದಳು ನರ್ಸು, ರೋಗಿಗೆ ಹೇಳುವ ದನಿಯಲ್ಲಿ.

"ನಾನೇ. ತಪ್ಪು ನಂದೇ, ನಾಲ್ಕು ಜನರ ಮುಂದೆ ಒಪ್ಕೋತೀನಿ." ಒಡತಿ ದಿಂಬು ತಿರುಗಿಸಿಟ್ಟಳು. "ಆದ್ರೆ ಆಡಿದ ಮಾತು ಮಾತೇ. ಒಂದು ಹನಿ ಬಿದ್ರೆ ಅವತ್ತೇ ಸಂಜೆಯಿಂದ ನಿಮ್ಮ ಮನೇಲಿ ಇರಬಾರದು ಅಂದಿದ್ದೆ. ಎರಡು ಬಿದ್ದಿದೆ."

ಮಧ್ಯಾಹ್ನ ಕುಡಿದ ಕಡಲು ಗಡಿಯಾರದವನ ಕಣ್ಣಿಗೆ ಬಂತು. "ಎಲ್ಲಿಗೆ ಒಯ್ಯಲಿ ಅಮ್ಮಾ? ಜೀವ ಇರೋವು."

"ದೂರ ಯಾಕೆ? ನನ್ನ ಮನೆ ಕೆಳಗೆ ಯಾರ ಮಂಚವೂ ಇಲ್ವಲ್ಲ," ಎಂದಳು ಒಡತಿ. "ಆ ಮೂಲೆ ಖಾಲಿ ಇದೆ. ಕುರ್ಚಿಯಿಂದ ನೇರ ಕಾಣುತ್ತೆ. ಹೂಂ, ಕೈ ಹಾಕಿ ಎಲ್ರೂ."

ನೀರೆಲ್ಲ ಬಕೆಟ್ಟುಗಳಲ್ಲಿ ಇಳಿಯಿತು, ಮೀನುಗಳು ಒಂದು ಬಾಲ್ದಿಯಲ್ಲಿ ಇಳಿದವು, ತೊಟ್ಟಿ ನಾಲ್ವರ ಹೆಗಲ ಮೇಲೆ ಇಳಿಯಿತು. ಕರೆಂಟ್ ಬರುವಷ್ಟರಲ್ಲಿ ಕೆಳಮನೆಯ ಮೂಲೆಯಲ್ಲಿ ಕಡಲು ನೆಲೆಗೊಂಡಿತ್ತು. ಆಕೆ ಸುರಿದ ಸಿಹಿನೀರಿಗೆ ಎಷ್ಟು ಉಪ್ಪು ಕೂಡಬೇಕೆಂದು ಮೇಷ್ಟ್ರು ಲೆಕ್ಕ ಹಾಕಿದರು. ಗಡಿಯಾರದವನು ಮತ್ತೆ ಡಬ್ಬಿ ನೇತುಹಾಕಿ, ಮತ್ತೆ ಕೊಳವೆ ತುಟಿಗಿಟ್ಟು, ಮತ್ತೆ ಒಂದು ಗುಟುಕು ಕಡಲು ಕುಡಿದ.

ಒಡತಿ ಕುರ್ಚಿಯಲ್ಲಿ ಕೂತು, ನೋಡಲು ಬಂದ ಪಕ್ಕದ ಬೀದಿಯವರಿಗೆ ವಿವರಿಸುತ್ತಿದ್ದಳು. "ಇಳಿಯೋ ಆಸೆಗೆ ಹತ್ತುತ್ತೆ. ಕೆಳಗಿನದನ್ನ ಮಾತ್ರ ಅರ್ಧ ಖಾಲಿ ಬಿಡಬೇಕು, ಗೊತ್ತಿಲ್ಲದೋರು ತುಂಬಿಸಿಬಿಡ್ತಾರೆ." ಅವನು ತೊಟ್ಟಿಯಿಂದ ಮೊಣಕೈವರೆಗೆ ಒದ್ದೆಯಾದ ಕೈ ಹೊರತೆಗೆದಾಗ ಆಕೆಯ ಹುಬ್ಬು ಮೇಲೇರಿತು.

"ನೋಡ್ಕೊಂಡು ಗಡಿಯಾರದೋರೆ! ಒಂದು ಹನಿ, ಒಂದೇ ಒಂದು ಹನಿ ನನ್ನ ನೆಲದ ಮೇಲೆ ಬಿತ್ತು ಅಂದ್ರೆ..."

ಅವನ ಕಿವಿ ನೆಟ್ಟಗಾಯಿತು. ತೊಟ್ಟಿ ಮತ್ತೆ ಮಹಡಿ ಹತ್ತುವ ದಾರಿ ಕಂಡಿತು. ಷರತ್ತು ಷರತ್ತೇ, ಆಡಿದ ಮಾತು ಮಾತೇ. ಅವನು ಮೆಲ್ಲಗೆ ಕೈ ಕೆಳಗೆ ಬಿಟ್ಟ. ಕಿರುಬೆರಳಿನ ತುದಿಯಲ್ಲಿ ಹನಿ ಕೂಡಿತು, ತೂಗಿತು, ಜಾರಿತು. ಎಲ್ಲರಿಗೂ ಕೇಳುವಂತೆ ನೆಲಕ್ಕೆ ಬಿತ್ತು.

ಆಕೆ ಹನಿಯನ್ನು ನೋಡಿದಳು. ಅವನ ಮುಖವನ್ನು ನೋಡಿದಳು.

"ಒರೆಸೋ ಬಟ್ಟೆ ಬಾಗಿಲ ಹಿಂದಿದೆ," ಎಂದಳು.